ಮುಂಗಡವಾಗಿ ನಡೆದ ಮಗು

ಬಸ್ ನಿಲ್ದಾಣದ ಕಂಟ್ರೋಲರ್ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನೆಲ್ಲ ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಅವನು ನಿಜವನ್ನೇ ಬರೆಯುತ್ತಿದ್ದ. ಸ್ವಲ್ಪ ಮುಂಚಿತವಾಗಿ ಬರೆಯುತ್ತಿದ್ದ, ಅಷ್ಟೆ.

ಅದು ಕಸುಬಿನಿಂದ ಅಂಟಿಕೊಂಡ ಅಭ್ಯಾಸ. ನಿಲ್ದಾಣದ ಮೂಲೆಯಲ್ಲಿ ಒಂದು ಗಾಜಿನ ಗೂಡು, ಅದರೊಳಗೆ ಒಂದು ಕುರ್ಚಿ, ಒಂದು ಮೈಕು, ಒಂದು ಉದ್ದನೆಯ ರಿಜಿಸ್ಟರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಅದರಲ್ಲಿ ಬರೆಯಬೇಕು. ಸಂಜೆ ನಾಲ್ಕು ಗಂಟೆಗೆ ಒಟ್ಟಿಗೇ ಏಳು ಬಸ್ಸು ನುಗ್ಗುತ್ತವೆ. ಆಗ ಬರೆಯುತ್ತಾ ಕೂತರೆ ಡ್ರೈವರುಗಳ ಜಗಳ ಬಿಡಿಸುವವರು ಯಾರು? ಹಾಗಾಗಿ ಮೂರೂವರೆಗೇ ಚಹಾ ಹೀರುತ್ತಾ ಏಳನ್ನೂ ಬರೆದು ಮುಗಿಸುತ್ತಿದ್ದ. ಬರುವ ಬಸ್ಸು ಬಂದೇ ಬರುತ್ತದೆ ಎಂಬುದು ಆ ಗೂಡಿನಲ್ಲಿ ತಲೆಮಾರಿನಿಂದ ಬಂದ ನಂಬಿಕೆ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ಬಸ್ಸು ಕೈಕೊಟ್ಟಿತ್ತು. ಟೈರು ಪಂಕ್ಚರಾಗಿ ಎಲ್ಲೋ ದಾರಿಯಲ್ಲಿ ನಿಂತಿದ್ದ ಆ ಬಸ್ಸು ರಿಜಿಸ್ಟರಿನ ಪ್ರಕಾರ ಬಂದು, ಹತ್ತು ನಿಮಿಷ ನಿಂತು, ಸರಿಯಾದ ಹೊತ್ತಿಗೆ ಹೊರಟೂ ಹೋಗಿತ್ತು. ಅದಕ್ಕೆ ಹತ್ತಬೇಕಿದ್ದವರು ಮಾತ್ರ ಗಂಟುಮೂಟೆ ಹಿಡಿದುಕೊಂಡು ಗೂಡಿನ ಮುಂದೆ ನಿಂತಿದ್ದರು.

ಇಂಥ ಮನುಷ್ಯನಿಗೆ ನಲವತ್ತನೇ ವಯಸ್ಸಿನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ದುಂಡಗೆ ಇತ್ತು, ಎಲ್ಲಿ ಇಟ್ಟರೂ ಒಂದು ಕಡೆಗೆ ಉರುಳುತ್ತಿತ್ತು. ಬೀದಿಯವರೆಲ್ಲ ಚೆಂಡು ಎಂದು ಕರೆದರು, ಅದೇ ನಿಂತಿತು.

ಚೆಂಡುವಿನ ತಾಯಿಗೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ, ಬೆಳಗ್ಗೆ ಆರೂವರೆಯಿಂದ ಮಧ್ಯಾಹ್ನ ಒಂದರವರೆಗೆ. ಹೆರಿಗೆ ರಜೆ ಮುಗಿಯುತ್ತಾ ಬಂದಾಗ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಬಂತು. ಕಂಟ್ರೋಲರ್ ತಾನು ಎರಡನೇ ಪಾಳಿಗೆ ಬದಲಾಯಿಸಿಕೊಳ್ಳುತ್ತೇನೆ, ಬೆಳಗಿನ ಹೊತ್ತು ತಾನೇ ನೋಡಿಕೊಳ್ಳುತ್ತೇನೆ ಎಂದ. ಈ ಮಾತು ಅವನ ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಮುಂದಿನ ಬಸ್ಸಿಗೇ ಬಂದಿಳಿದರು.

ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂವತ್ತು ವರ್ಷ ಶಾಲೆ ನಡೆಸಿದವರು. ಅವರು ಕೆಮ್ಮಿದರೆ ಈಗಲೂ ಸುತ್ತಮುತ್ತಲಿನವರು ಸಾಲಾಗಿ ನಿಲ್ಲುತ್ತಾರೆ. ಗಂಡಸು ಮಗು ನೋಡಿಕೊಳ್ಳುವುದೆಂದರೆ ಅವರ ಪ್ರಕಾರ ಬೆಕ್ಕಿನ ಕೈಯಲ್ಲಿ ಹಾಲಿನ ಪಾತ್ರೆ ಕೊಟ್ಟು ಕಾಯಿಸು ಎಂದ ಹಾಗೆ. ಮಗುವನ್ನು ತಮ್ಮೂರಿಗೆ ಕರೆದೊಯ್ಯುತ್ತೇನೆ, ಶಾಲೆಗೆ ಸೇರುವ ಹೊತ್ತಿಗೆ ವಾಪಸ್ಸು ಕೊಡುತ್ತೇನೆ ಎಂದರು. ಮಗಳು ಕಣ್ಣೀರು ಹಾಕಿದಳು. ಅಳಿಯ ಮಗುವನ್ನು ಎದೆಗವಚಿಕೊಂಡು ಅಡುಗೆಮನೆಗೆ ಹೋಗಿ ನಿಂತ. ಕೊನೆಗೆ ಅತ್ತೆ ಆರೋಗ್ಯ ಕೇಂದ್ರದವರು ಕೊಟ್ಟಿದ್ದ ಹಳದಿ ಕಾರ್ಡನ್ನು ಕೈಗೆತ್ತಿಕೊಂಡರು. ಮಗು ಯಾವ ತಿಂಗಳಿಗೆ ಏನು ಮಾಡಬೇಕು ಎಂದು ಅದರಲ್ಲಿ ಪಟ್ಟಿ ಇತ್ತು: ನಗುವುದು, ಕತ್ತು ನಿಲ್ಲಿಸುವುದು, ಮಗುಚಿಕೊಳ್ಳುವುದು, ಕೂರುವುದು, ಅಂಬೆಗಾಲಿಡುವುದು, ಹಿಡಿದು ನಿಲ್ಲುವುದು, ನಡೆಯುವುದು, ಮಾತಾಡುವುದು. ಪ್ರತಿಯೊಂದರ ಮುಂದೆ ಗುರುತು ಹಾಕಲು ಒಂದು ಚೌಕ.

"ಒಂದು ವರ್ಷ ನೋಡ್ತೀನಿ," ಎಂದರು ಅತ್ತೆ. "ಇದರಲ್ಲಿರೋದು ಇದರ ಪ್ರಕಾರ ಆದ್ರೆ ಮಗು ನಿಮ್ಮ ಹತ್ರ. ಎಲ್ಲಾದ್ರೂ ಹಿಂದೆ ಬಿತ್ತು ಅಂದ್ರೆ ನಾನು ಬಂದು ಕರ್ಕೊಂಡು ಹೋಗ್ತೀನಿ. ಆಮೇಲೆ ಮಾತಿಲ್ಲ."

ಕಾರ್ಡಿನಲ್ಲಿ 'ತುರ್ತಿಗೆ ಕರೆಯಬೇಕಾದ ನಂಬರು' ಎಂದಿದ್ದ ಕಡೆ ತಮ್ಮ ನಂಬರನ್ನೇ ದಪ್ಪಕ್ಷರದಲ್ಲಿ ಬರೆದು ಊರಿಗೆ ಹೋದರು. ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಫೋನು, ಹಾಜರಿ ಕರೆದ ಹಾಗೆ.

ಮೊದಮೊದಲು ಎಲ್ಲ ಸುಸೂತ್ರವಾಗಿತ್ತು. ಚೆಂಡು ನಕ್ಕಳು, ಕತ್ತು ನಿಲ್ಲಿಸಿದಳು, ಮಗುಚಿಕೊಳ್ಳುವುದನ್ನಂತೂ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಕೂರುವುದಕ್ಕೆ ಬಂದಾಗ ತೊಡಕಾಯಿತು. ಕೂರಿಸಿದರೆ ನಾಲ್ಕು ಎಣಿಸುವವರೆಗೆ ಘನಗಂಭೀರವಾಗಿ ಕೂರುತ್ತಿದ್ದಳು. ಐದಕ್ಕೆ ಪಕ್ಕಕ್ಕೆ ಒರಗಿ, ಆರಕ್ಕೆ ನೆಲ ಸೇರುತ್ತಿದ್ದಳು. ಏಳು ತಿಂಗಳು ತುಂಬಿದ ಭಾನುವಾರ ಅತ್ತೆ ಮಗು ತಾನಾಗಿ ಕೂರುತ್ತಾಳೆಯೇ ಎಂದು ಕೇಳಿದರು. ಕಂಟ್ರೋಲರ್ ತಿರುಗಿ ನೋಡಿದ. ಕೂತಿದ್ದಳು. ಹೌದು ಎಂದ. ಉತ್ತರ ಇಲ್ಲಿಂದ ಹೊರಟಾಗ ಕೂತಿದ್ದ ಮಗು ಅಲ್ಲಿ ತಲುಪುವ ಹೊತ್ತಿಗೆ ಉರುಳಿತ್ತು. ಅದು ಅವನ ತಪ್ಪೇ?

ಫೋನಿಟ್ಟು, ಪೆನ್ನು ತೆಗೆದು, 'ಕೂರುವುದು' ಎಂಬುದರ ಮುಂದೆ ಗುರುತು ಹಾಕಿದ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೈಯಲ್ಲಿ ಪೆನ್ನಿತ್ತು, ಪಕ್ಕದಲ್ಲಿ ಬಿಸಿ ಚಹಾ ಇತ್ತು, ಮುಂದೆ ಖಾಲಿ ಚೌಕಗಳ ಸಾಲಿತ್ತು. ಹದಿನೆಂಟು ವರ್ಷ ಪಳಗಿದ ಕೈ ಯಜಮಾನನನ್ನು ಕೇಳುತ್ತದೆಯೇ? ಅಂಬೆಗಾಲಿಡುವುದು, ಆಯಿತು. ಹಿಡಿದು ನಿಲ್ಲುವುದು, ಆಯಿತು. ಕೈಬಿಟ್ಟು ನಾಲ್ಕು ಹೆಜ್ಜೆ ನಡೆಯುವುದು, ಅದೂ ಆಯಿತು. ಎರಡು ಮೂರು ಮಾತಾಡುವುದು, ಆಯಿತು. ಚಹಾ ಮುಗಿಯುವಷ್ಟರಲ್ಲಿ ಚೆಂಡುವಿನ ಮೊದಲ ವರ್ಷ ಮುಗಿದಿತ್ತು. ಇಂದಲ್ಲ ನಾಳೆ ಮಾಡಿಯೇ ಮಾಡುತ್ತಾಳೆ, ಒಂದು ಕೆಲಸ ಮುಗಿಯಿತು ಎಂದು ಕೆಳಗೆ ಸಹಿ ಹಾಕಿ, ಕಾರ್ಡನ್ನು ಕಪಾಟಿನ ಮೇಲಿಟ್ಟು ನೆಮ್ಮದಿಯಾಗಿ ಮಗುವಿನ ಬಟ್ಟೆ ಒಗೆಯಲು ಹೋದ.

ಎರಡು ವಾರ ಕಳೆದು ಆರೋಗ್ಯ ಕೇಂದ್ರದ ನರ್ಸಮ್ಮ ಮನೆಮನೆಗೆ ಬಂದು ಕಾರ್ಡುಗಳನ್ನು ಸಂಗ್ರಹಿಸಿದಳು. ಕಂಟ್ರೋಲರ್ ಆಗ ನಿಲ್ದಾಣದಲ್ಲಿದ್ದ. ಹೆಂಡತಿ ಕಪಾಟಿನ ಮೇಲಿದ್ದ ಕಾರ್ಡನ್ನು ತೆಗೆದು, ಬಿಚ್ಚಿಯೂ ನೋಡದೆ ಕೊಟ್ಟಳು. ನರ್ಸಮ್ಮ ಹೊಸಬಳು, ಹುರುಪಿನವಳು. ಬೀದಿಯ ತುದಿ ತಲುಪುವ ಮೊದಲೇ ಕಾರ್ಡು ಬಿಚ್ಚಿ ನೋಡಿ, ಗಕ್ಕನೆ ನಿಂತಳು. ಏಳೂವರೆ ತಿಂಗಳ ಕೂಸು ನಡೆಯುತ್ತಿದೆ. ಮಾತಾಡುತ್ತಿದೆ. ತಂದೆಯೇ ಸಹಿ ಮಾಡಿದ್ದಾರೆ, ಅದೂ ಸಮಯಪಾಲನೆ ಇಲಾಖೆಯವರು.

ಅವಳು ನಿಂತದ್ದು ಟೈಲರ್ ಅಂಗಡಿಯ ಮುಂದೆ. ವಿಷಯ ಬೀದಿಗೆಲ್ಲ ಹರಡುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಟೈಲರ್ ಮನೆಯಲ್ಲೂ ಒಂದು ಮಗು ಇತ್ತು. ಮೊಮ್ಮಗ, ಚೆಂಡುವಿಗಿಂತ ಎಂಟು ದಿನ ದೊಡ್ಡವನು. ತೆವಳುವುದಕ್ಕೂ ಸೋಮಾರಿತನ, ಆದರೆ ಉಣ್ಣುವುದರಲ್ಲಿ ಶಿಸ್ತಿನ ಸಿಪಾಯಿ. ಅಲ್ಲಿಯವರೆಗೆ ಅವನಲ್ಲಿ ಯಾರೂ ಕುಂದು ಕಂಡಿರಲಿಲ್ಲ. ಅಂದು ಸಂಜೆ ಟೈಲರ್ ಮೊಮ್ಮಗನನ್ನು ನೆಲದ ಮೇಲೆ ಬಿಟ್ಟು, ಕನ್ನಡಕ ಏರಿಸಿ, ಬಟ್ಟೆಯ ಹೊಲಿಗೆ ನೋಡುವಂತೆ ನೋಡಿದ. ಆಮೇಲೆ ಸೊಸೆಯ ಕಡೆ ನೋಡಿದ. ಸೊಸೆ ಮೆತ್ತಗಿನ ಹುಡುಗಿ, ಇದು ಅವಳ ಮೊದಲ ಮಗು. ಮರುದಿನದಿಂದ ಮನೆಯಲ್ಲಿ ಹೊಸ ವ್ಯವಸ್ಥೆ ಜಾರಿಗೆ ಬಂತು. ಟೈಲರ್ ದಪ್ಪ ಪಟ್ಟಿಯಿಂದ ಒಂದು ಅಂಗಿಯಂಥದ್ದು ಹೊಲಿದು, ಅದಕ್ಕೆ ಹಗ್ಗ ಕಟ್ಟಿ, ಬಾಗಿಲ ಚೌಕಟ್ಟಿಗೆ ತೂಗುಹಾಕಿ, ಮೊಮ್ಮಗನ ಕಾಲು ನೆಲಕ್ಕೆ ತಾಗುವ ಹಾಗೆ ನಿಲ್ಲಿಸಿದ. ನಿಂತು ಕಲಿಯಲಿ ಎಂದು. ಮೊಮ್ಮಗ ಅದರಲ್ಲೇ ತೂಗಾಡುತ್ತಾ ಒಳ್ಳೆಯ ನಿದ್ದೆ ಮಾಡಿದ.

ಟೈಲರ್ ಕಂಟ್ರೋಲರನನ್ನು ಬೀದಿಯಲ್ಲಿ ತಡೆದು, ನಿಮ್ಮ ಚೆಂಡು ನಡೆಯುತ್ತಾಳಂತೆ, ಹೌದೇ ಎಂದು ಕೇಳಿದ. ಇಲ್ಲ ಎಂದರೆ ಕಾರ್ಡು ಸುಳ್ಳಾಗುತ್ತದೆ. ಕಾರ್ಡು ಸುಳ್ಳಾದರೆ ಅತ್ತೆ ಬರುತ್ತಾರೆ. ಅತ್ತೆ ಬಂದರೆ ಮಗು ಹೋಗುತ್ತದೆ. ಕಂಟ್ರೋಲರ್ ಇಷ್ಟನ್ನೂ ಒಂದೇ ಉಸಿರಿನಲ್ಲಿ ಯೋಚಿಸಿ, ಆಕಾಶ ನೋಡಿ, ಏನೋ ತಕ್ಕಮಟ್ಟಿಗೆ ಎಂದು ಗೊಣಗಿ ಜಾರಿಕೊಂಡ. ಅದನ್ನು ಟೈಲರ್ ವಿನಯ ಎಂದು ತಿಳಿದ. ವಿನಯವಂತನ ಮಾತನ್ನು ಜನ ಎರಡರಷ್ಟು ಮಾಡಿ ನಂಬುತ್ತಾರೆ. ಸೋಮವಾರದ ಹೊತ್ತಿಗೆ ಚೆಂಡು ಮೆಟ್ಟಿಲು ಹತ್ತುತ್ತಿದ್ದಳು. ಮಂಗಳವಾರ ಬಸ್ಸಿನ ಬೋರ್ಡು ಓದುತ್ತಿದ್ದಳು. ನಿಲ್ದಾಣದಲ್ಲಿ ಡ್ರೈವರೊಬ್ಬ ಗೂಡಿನೊಳಗೆ ತಲೆ ಹಾಕಿ, ನಾಳೆ ತನಗೆ ರಜೆ ಬೇಕು, ಮಗಳನ್ನು ಕಳಿಸಿಕೊಡಿ, ನಾಲ್ಕು ಗಂಟೆ ಗಾಡಿ ತೆಗೆದುಕೊಂಡು ಹೋಗಲಿ ಎಂದ.

ಅಂಚೆ ಕಚೇರಿಗೂ ಸುದ್ದಿ ತಲುಪಿತು. ಮಂಗಳವಾರ ಮಧ್ಯಾಹ್ನ ಹೆಂಡತಿ ಮನೆಗೆ ಬಂದವಳು ಚೀಲವನ್ನೂ ಇಳಿಸದೆ ಮಗುವನ್ನು ನೆಲದ ಮೇಲೆ ಕೂರಿಸಿ ಎದುರು ಕೂತಳು. ಆರು ಎಣಿಸುವಷ್ಟರಲ್ಲಿ ಚೆಂಡು ಉರುಳಿದಳು. ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಬಾಯಿಬಿಟ್ಟು ಎಲ್ಲವನ್ನೂ ಹೇಳಿದ. ಅವಳಿಗೆ ಮೊದಲು ನಗು ಬಂತು, ಆಮೇಲೆ ತಾಯಿಯ ನೆನಪು ಬಂತು, ನಗು ಅರ್ಧಕ್ಕೇ ನಿಂತಿತು.

"ರೀ, ಅಮ್ಮನಿಗೆ ಗೊತ್ತಾದ್ರೆ ಹಿಂದೆ ಬಿದ್ದಿದ್ದಕ್ಕಿಂತ ದೊಡ್ಡ ಗಲಾಟೆ ಆಗುತ್ತೆ," ಎಂದಳು. "ಸುಳ್ಳು ಬರೆದವನ ಕೈಗೆ ಮಗು ಕೊಡಲ್ಲ ಅಂತಾರೆ. ನಾಳೆ ಬೆಳಗ್ಗೆನೇ ಹೋಗಿ ನರ್ಸಮ್ಮನಿಗೆ ಹೇಳಿ, ಬೇರೆ ಕಾರ್ಡು ತಗೊಂಡು ಬನ್ನಿ."

ಬುಧವಾರ ಬೆಳಗ್ಗೆ ಕಂಟ್ರೋಲರ್ ಮಗುವನ್ನು ಹೆಗಲಿಗೆ ಹಾಕಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ. ಒಳಗೆ ಎರಡು ಬೆಂಚಿನ ತುಂಬ ತಾಯಂದಿರು. ಅವನು ಹೊಸ್ತಿಲಲ್ಲಿ ಕಾಣಿಸಿದ್ದೇ ನರ್ಸಮ್ಮ ತೂಕದ ಯಂತ್ರ ಬಿಟ್ಟು ಎದ್ದು ನಿಂತಳು. ತಾಯಂದಿರು ಸರಿದು ಜಾಗ ಕೊಟ್ಟರು. ಅವನು ಆ ಕಾರ್ಡಿನ ವಿಷಯ ಎಂದು ಶುರುಮಾಡಿದ. ನರ್ಸಮ್ಮ ಕಾರ್ಡನ್ನು ದೊಡ್ಡ ಡಾಕ್ಟರಿಗೆ ತೋರಿಸಿ ಆಯಿತು ಎಂದಳು. ಅದರಲ್ಲಿ ಒಂದು ಸಣ್ಣ ತಪ್ಪು ಎಂದ. ನೀವು ತೂಕ ಬರೆಯುವುದನ್ನು ಮರೆತಿದ್ದೀರಿ, ನಾನು ತುಂಬಿದ್ದೇನೆ ಬಿಡಿ ಎಂದಳು. ಅಷ್ಟರಲ್ಲಿ ತಾಯಂದಿರು ಸುತ್ತುವರಿದಿದ್ದರು. ಏನು ಕೊಡುತ್ತೀರಿ, ಯಾವ ಎಣ್ಣೆ ತಿಕ್ಕುತ್ತೀರಿ, ಬೆಳಗ್ಗೆ ಎಷ್ಟು ಹೊತ್ತು ನಡೆಸುತ್ತೀರಿ. ಚೆಂಡು ಅವನ ಹೆಗಲ ಮೇಲೆ ಜೊಲ್ಲು ಸುರಿಸುತ್ತಾ ನಿದ್ದೆಹೋಗಿದ್ದಳು. ಪಾಪ, ನಡೆದು ನಡೆದು ಸುಸ್ತಾಗಿದೆ ಎಂದು ಒಬ್ಬಾಕೆ ಮರುಗಿದಳು.

ಕಂಟ್ರೋಲರನಿಗೆ ಬೇರೇನೂ ತೋಚದೆ, ಅವಸರ ಮಾಡಬೇಡಿ, ಮಕ್ಕಳು ತಮ್ಮ ಹೊತ್ತಿಗೆ ತಾವೇ ಮಾಡುತ್ತಾರೆ ಎಂದ. ಅವನ ಜೀವಮಾನದಲ್ಲೇ ಆಡಿದ ಅತ್ಯಂತ ಸತ್ಯವಾದ ಮಾತು ಅದು. ಎಲ್ಲರೂ ತಲೆದೂಗಿದರು, ಯಾರೂ ನಂಬಲಿಲ್ಲ. ಗುಟ್ಟು ಬಿಟ್ಟುಕೊಡುವುದಿಲ್ಲ ನೋಡಿ ಎಂದು ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದರು.

ಹೊರಡುವಾಗ ನರ್ಸಮ್ಮ ಬಾಗಿಲವರೆಗೆ ಬಂದು ಬೀಳ್ಕೊಟ್ಟಳು. "ನಾಳೆ ಹನ್ನೆರಡಕ್ಕೆ ನಾನೇ ಮನೆಗೆ ಬಂದು ಒಂದ್ಸಲ ನೋಡಿ ವರದಿ ಬರೀತೀನಿ," ಎಂದಳು. "ನಿನ್ನೆ ಸಂಜೆ ಕಾರ್ಡಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದೆ. ಯಾರೋ ಹಿರಿಯರು ಎತ್ತಿದ್ರು. ಮಗು ನಡೀತಿರೋದು ಅವರಿಗೆ ಗೊತ್ತೇ ಇರ್ಲಿಲ್ಲ. ಪೂರ್ತಿ ಕೇಳಿಸ್ಕೊಂಡು, ಗುರುವಾರ ಬರ್ತೀನಿ ಅಂತ ಹೇಳಿ ಇಟ್ಬಿಟ್ರು."

ಅತ್ತೆಯನ್ನು ಬಲ್ಲವರಿಗೆ ಗೊತ್ತು: ಅವರು ಬೈದರೆ ಭಯವಿಲ್ಲ, ಸುಮ್ಮನಿದ್ದರೆ ಭಯ.

ಉಳಿದದ್ದು ಒಂದು ದಿನ. ಆ ಒಂದು ದಿನದಲ್ಲಿ ನಾಲ್ಕು ತಿಂಗಳ ಪಾಠ ಮುಗಿಸಬೇಕಿತ್ತು. ಕಂಟ್ರೋಲರ್ ಮನೆಗೆ ಬಂದವನೇ ಮಗುವನ್ನು ಚಾಪೆಯ ಮೇಲೆ ಬಿಟ್ಟು, ತಾನೂ ನೆಲಕ್ಕಿಳಿದು, ಅಂಬೆಗಾಲಿಡುವುದು ಹೇಗೆಂದು ತೋರಿಸಿದ. ಕೋಣೆಯ ಈ ತುದಿಯಿಂದ ಆ ತುದಿಗೆ ಒಂಬತ್ತು ಸಲ ಹೋಗಿಬಂದ. ಚೆಂಡು ಹೊಟ್ಟೆಯ ಮೇಲೆ ಮಲಗಿ ಕತ್ತೆತ್ತಿ, ಬಹಳ ಒಳ್ಳೆಯ ಪ್ರೇಕ್ಷಕಿಯಂತೆ ನೋಡಿದಳು. ಹತ್ತನೇ ಸಲ ಅವನ ಮಂಡಿ ಕಳಕ್ಕೆಂದಿತು. ಅವಳು ಗಹಗಹಿಸಿ ನಕ್ಕಳು. ಅವಳು ಹಾಗೆ ನಗುವಾಗ ಹೊಟ್ಟೆ ಕುಲುಕುವುದನ್ನು ನೋಡುತ್ತಾ ಕಂಟ್ರೋಲರ್ ಪಾಠವನ್ನೇ ಮರೆತು, ಇನ್ನೂ ನಾಲ್ಕು ಸಲ ಮಂಡಿ ಕಳಕ್ಕೆನ್ನಿಸಲು ಪ್ರಯತ್ನಿಸಿದ. ಬುಧವಾರ ಹಾಗೆ ಮುಗಿಯಿತು.

ಗುರುವಾರ ಹತ್ತೂವರೆಯ ಬಸ್ಸು ಆ ಋತುವಿನಲ್ಲೇ ಮೊದಲ ಬಾರಿಗೆ ಸರಿಯಾಗಿ ಹತ್ತೂವರೆಗೆ ಬಂತು. ಅತ್ತೆ ಇಳಿದರು. ಕೈಯಲ್ಲಿ ಖಾಲಿ ತೊಟ್ಟಿಲುಬುಟ್ಟಿ ಇತ್ತು. ಮಗುವನ್ನು ಮಲಗಿಸಿಕೊಂಡು ಬಸ್ಸಿನಲ್ಲಿ ಒಯ್ಯುವ, ಹಿಡಿಕೆಯಿರುವ ಬುಟ್ಟಿ. ಅದನ್ನು ನೋಡಿದ ಕಂಟ್ರೋಲರ್ ಚೆಂಡುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. ದಾರಿಯಲ್ಲಿ ಅತ್ತೆ ಆಡಿದ ಮಾತು ಒಂದೇ, ಅದೂ ಬಿಸಿಲಿನ ಬಗ್ಗೆ.

ಹನ್ನೆರಡಕ್ಕೆ ನರ್ಸಮ್ಮ ಬಂದಳು. ಅವಳ ಹಿಂದೆ ಟೈಲರ್, ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದಿದ್ದ. ಅವನ ಹಿಂದೆ ಸೊಸೆ, ಕಂಕುಳಲ್ಲಿ ಮೊಮ್ಮಗ. ಕಂಟ್ರೋಲರನ ಮನೆಯ ಮುಂದಿನ ಕೋಣೆ ಅಷ್ಟು ದೊಡ್ಡದಲ್ಲ. ಒಂದು ಎತ್ತರದ ಹಳೇ ಮಂಚ, ಅದರಡಿಯಲ್ಲಿ ಪೆಟ್ಟಿಗೆಗಳು, ಎದುರಿಗೆ ಎರಡು ಕುರ್ಚಿ. ಅತ್ತೆ ಒಂದು ಕುರ್ಚಿಯಲ್ಲಿ ಪರೀಕ್ಷಕರಂತೆ ಕೂತರು, ಬುಟ್ಟಿ ಕಾಲ ಬಳಿ. ನರ್ಸಮ್ಮ ಸೀಮೆಸುಣ್ಣದಿಂದ ನೆಲದ ಮೇಲೆ ಎರಡು ಗೆರೆ ಎಳೆದಳು. ಈ ಗೆರೆಯಿಂದ ಆ ಗೆರೆಗೆ ನಾಲ್ಕು ಹೆಜ್ಜೆ ಎಂದು ಟೈಲರ್ ಅಳೆದು ಖಚಿತಪಡಿಸಿದ.

ಚೆಂಡುವನ್ನು ಗೆರೆಯ ಮೇಲೆ ಕೂರಿಸಲಾಯಿತು. ಅವಳು ಸೀಮೆಸುಣ್ಣವನ್ನು ಬೆರಳಿನಿಂದ ಒರೆಸಿ ಬಾಯಿಗಿಟ್ಟುಕೊಂಡಳು. ಆಮೇಲೆ ಪಕ್ಕಕ್ಕೆ ಉರುಳಿದಳು. ಜನರನ್ನು ಕಂಡು ಗಾಬರಿಯಾಗಿದೆ ಎಂದಳು ನರ್ಸಮ್ಮ. ಮತ್ತೆ ಕೂರಿಸಿದರು. ಮತ್ತೆ ಉರುಳಿದಳು. ಟೈಲರ್ ಸೊಸೆಯ ಕಡೆ ತಿರುಗಿ, ಉರುಳೋದ್ರಲ್ಲೂ ಎಷ್ಟು ಚುರುಕು ನೋಡು, ನಮ್ಮವನಿಗೆ ಅದೂ ಇಲ್ಲ ಎಂದ.

ಸೊಸೆಯ ಕಣ್ಣು ತುಂಬಿತು. ಅಷ್ಟು ಹೊತ್ತು ಗೋಡೆಗೊರಗಿ ನಿಂತಿದ್ದವಳು ಎರಡು ಹೆಜ್ಜೆ ಮುಂದೆ ಬಂದಳು.

"ಅಣ್ಣಾ, ಒಂದೇ ಒಂದು ಮಾತು ಹೇಳಿ," ಎಂದಳು. "ಹತ್ತು ದಿನದಿಂದ ನಂಗೆ ಊಟ ಸೇರ್ತಿಲ್ಲ. ನನ್ನ ಮಗೂಗೆ ಏನಾದ್ರೂ ಊನ ಇದೆಯಾ? ನಿಮ್ಮ ಮಗು ನೋಡ್ಕೊಳ್ಳೋರು ನೀವು, ನಿಮಗೆ ಗೊತ್ತಾಗುತ್ತೆ."

ಕಂಟ್ರೋಲರ್ ಅತ್ತೆಯನ್ನು ನೋಡಿದ. ಬುಟ್ಟಿಯನ್ನು ನೋಡಿದ. ಆ ಹುಡುಗಿಯ ಮುಖವನ್ನು ನೋಡಿದ. ಇನ್ನು ನೋಡುವುದಕ್ಕೆ ಬೇರೆ ಏನೂ ಉಳಿದಿರಲಿಲ್ಲ.

"ಏನೂ ಊನ ಇಲ್ಲಮ್ಮ," ಎಂದ. "ನಮ್ಮ ಚೆಂಡು ನಡೆಯಲ್ಲ. ನಿಲ್ಲಲ್ಲ. ನೆಟ್ಟಗೆ ಕೂರೋಕೂ ಬರಲ್ಲ. ಕಾರ್ಡು ನಾನೇ ಮುಂಚೆ ಬರೆದಿಟ್ಟೆ, ಬಸ್ಸು ಬರೆದ ಹಾಗೆ. ನಿನ್ನ ಮಗನ್ನ ಇನ್ನು ಆ ಹಗ್ಗಕ್ಕೆ ಹಾಕ್ಬೇಡ."

ನರ್ಸಮ್ಮನ ಮುಖದಲ್ಲಿ ದೊಡ್ಡ ಡಾಕ್ಟರು ಒಂದು ಕ್ಷಣ ಬಂದುಹೋದರು. ಟೈಲರ್ ಅಳತೆಪಟ್ಟಿಯನ್ನು ನಿಧಾನವಾಗಿ ಸುತ್ತತೊಡಗಿದ. ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹಾಗಾದ್ರೆ ಈ ಮಗೂಗೆ ಏನು ಬರುತ್ತೆ?" ಎಂದು ಕೇಳಿದರು.

ಅದು ಗದರಿಕೆಯೇ ಇರಬೇಕು. ಆದರೆ ಕಂಟ್ರೋಲರನಿಗೆ ಅದು ಪ್ರಶ್ನೆಯಾಗಿ ಕೇಳಿಸಿತು, ಉತ್ತರ ಕೊಡಲು ಶುರುಮಾಡಿದ. ಮೈಕಿನ ಮುಂದೆ ಕೂತವನ ಹಾಗೆ, ಹೊತ್ತಿನ ಸಮೇತ.

"ಬೆಳಗ್ಗೆ ಆರೂ ಹತ್ತಕ್ಕೆ ಅವರಮ್ಮ ಬಾಗಿಲೆಳ್ಕೊಂಡು ಹೋದ ತಕ್ಷಣ ಏಳ್ತಾಳೆ ಅತ್ತೆ. ಅಳಲ್ಲ. ಒಂದು ನಿಮಿಷ ಬಾಗಿಲು ನೋಡಿ ಆಮೇಲೆ ನನ್ನ ಕಡೆ ತಿರುಗ್ತಾಳೆ, ಸರಿ ಇವನೇ ಇರ್ಲಿ ಅಂತ ಒಪ್ಕೊಂಡ ಹಾಗೆ. ಎಂಟೂವರೆಗೆ ಪಕ್ಕದ ಮನೆಯವರು ನಲ್ಲಿ ತಿರುಗಿಸಿದ್ರೆ ಗೋಡೆ ಒಳಗೆ ಗುರ್ ಅನ್ನುತ್ತೆ, ಅದಕ್ಕೆ ಇವಳೂ ಗುರ್ ಅಂತಾಳೆ. ಒಂಬತ್ತಕ್ಕೆ ಚಮಚ ಕೆಳಗೆ ಹಾಕ್ತಾಳೆ, ನಾನು ಎತ್ತಿಕೊಡ್ತೀನಿ, ಮತ್ತೆ ಹಾಕ್ತಾಳೆ. ಮೊನ್ನೆ ಮೂವತ್ತೊಂದು ಸಲ. ಮೂವತ್ತೆರಡನೇ ಸಲ ನಾನು ಎತ್ತಲಿಲ್ಲ, ಬಗ್ಗಿ ನನ್ನ ಮುಖ ನೋಡಿದ್ಲು, ಹುಷಾರಿಲ್ವಾ ಅಂತ ಕೇಳೋ ಹಾಗೆ. ಎಡಗಾಲಿನ ಕಾಲುಚೀಲ ಕಿತ್ತೆಸೀತಾಳೆ, ಬಲಗಾಲಿನದು ಮುಟ್ಟಲ್ಲ. ಹನ್ನೊಂದಕ್ಕೆ ನಿದ್ದೆ ಬಂದ್ರೆ ನನ್ನ ಕಿವಿ ಹಿಡ್ಕೋತಾಳೆ. ಬಲಗಿವಿನೇ ಆಗ್ಬೇಕು. ಎಡಗಿವಿ ಕೊಟ್ರೆ ತಿರುಗಿಸಿ ನೋಡಿ ಬಿಟ್ಬಿಡ್ತಾಳೆ."

ಹೀಗೆ ಹೇಳುತ್ತಲೇ ಹೋದ. ಯಾವ ಬಟ್ಟೆಗೆ ನಗುತ್ತಾಳೆ, ಯಾವ ಬಟ್ಟೆಗೆ ಮುಖ ಸಿಂಡರಿಸುತ್ತಾಳೆ, ಸೀನು ಬರುವ ಮೊದಲು ಹೇಗೆ ಗಾಬರಿಯಾಗುತ್ತಾಳೆ, ಬಂದ ಮೇಲೆ ಹೇಗೆ ಹೆಮ್ಮೆಪಡುತ್ತಾಳೆ. ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ಟೈಲರ್ ನಿಂತು ಕಾಲುನೋವಾಗಿ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಅದರ ಮೇಲೆ ಕೂತ. ಸೊಸೆ ನಡುನಡುವೆ, ನಮ್ಮವನೂ ಹಾಗೇ ಅಣ್ಣಾ, ಎಂದು ಕಣ್ಣೊರೆಸಿಕೊಂಡು ನಗತೊಡಗಿದಳು. ನರ್ಸಮ್ಮ ಕೊನೆಗೆ ವರದಿಯ ಹಾಳೆಯನ್ನು ಮಡಚಿ ಚೀಲಕ್ಕಿಟ್ಟು, ಏಳೂವರೆ ತಿಂಗಳಿಗೆ ಇಷ್ಟು ಧಾರಾಳವಾಯಿತು, ಕೂರುವುದು ಒಂದೊಂದು ಮಗುವಿಗೆ ಒಂದೊಂದು ಹೊತ್ತಿಗೆ ಬರುತ್ತದೆ, ಎರಡು ಮಕ್ಕಳೂ ಚೆನ್ನಾಗಿವೆ, ತಾನೂ ಮೊದಲೇ ವಿಚಾರಿಸಬೇಕಿತ್ತು ಎಂದಳು.

"ನಾನು ಮೂರು ಹೆತ್ತೆ," ಎಂದರು ಅತ್ತೆ ಮೆಲ್ಲಗೆ. "ಯಾರು ಯಾವ ಕಿವಿ ಹಿಡಿದ್ರು ಅಂತ ಕೇಳಿದ್ರೆ ನಂಗೆ ಗೊತ್ತಿಲ್ಲ. ಶಾಲೆಗೆ ಹೊತ್ತಾಗ್ತಿತ್ತು." ಆಮೇಲೆ ಮಗುವನ್ನು ಎತ್ತಿಕೊಳ್ಳಲೆಂದು ಬಗ್ಗಿದರು.

ಗೆರೆಯ ಮೇಲೆ ಮಗು ಇರಲಿಲ್ಲ.

ಇಷ್ಟು ಜನ ಚೆಂಡುವಿನ ಬಗ್ಗೆ ಮಾತಾಡುವ ಭರದಲ್ಲಿ ಚೆಂಡುವನ್ನು ನೋಡುವುದನ್ನೇ ಬಿಟ್ಟಿದ್ದರು. ಬಾಗಿಲು ಮುಚ್ಚಿತ್ತು. ಕುರ್ಚಿಯ ಹಿಂದೆ ಇಲ್ಲ, ಬುಟ್ಟಿಯಲ್ಲಿ ಇಲ್ಲ. ಆಗ ಟೈಲರ್ ಪೆಟ್ಟಿಗೆ ಎಳೆದಿದ್ದ ಸಂದಿಯಿಂದ, ಮಂಚದಡಿಯ ಕತ್ತಲೆಯೊಳಗಿಂದ, ಗುರ್ ಎಂದು ಸದ್ದು ಬಂತು.

ನೆಲದ ಮೇಲೆ ಸೀಮೆಸುಣ್ಣ ಉದ್ದಕ್ಕೆ ಒರೆಸಿಹೋಗಿತ್ತು. ಹೊಟ್ಟೆಯ ಮೇಲೆ ಮಲಗಿದ್ದವಳು ಅಂಗೈ ಊರಿ ಮುಂದಕ್ಕೆ ತಳ್ಳಲು ಹೋಗಿ, ಪ್ರತಿ ಸಲವೂ ಹಿಂದಕ್ಕೆ ಜಾರಿ, ಹಾಗೆಯೇ ಜಾರುತ್ತಾ ಜಾರುತ್ತಾ, ಕಾಲು ಮುಂದೆ ಮಾಡಿಕೊಂಡು ಒಳಗೆ ಸೇರಿದ್ದಳು. ಹಿಮ್ಮುಖ ಪ್ರಯಾಣಕ್ಕೆ ಕಾರ್ಡಿನಲ್ಲಿ ಚೌಕವೇ ಇರಲಿಲ್ಲ. ಒಳಗಿನ ಎರಡು ಪೆಟ್ಟಿಗೆಗಳ ನಡುವೆ ಸಿಕ್ಕಿಕೊಂಡು, ಗೋಡೆಗೆ ಅಂಟಿಕೊಂಡಿದ್ದಳು. ಹಳೇ ಮಂಚ ನಾಲ್ಕು ಜನ ಎತ್ತಿದರೂ ಕದಲುವಂಥದ್ದಲ್ಲ.

ಕಂಟ್ರೋಲರ್ ಮಂಡಿಯೂರಿ ಒಳಗೆ ನುಗ್ಗಿದ, ಭುಜ ಸಿಕ್ಕಿಕೊಂಡಿತು. ಟೈಲರ್ ತಲೆದಿಂಬಿನ ಕಡೆಯಿಂದ ನುಗ್ಗಿದ. ನರ್ಸಮ್ಮ ಕಾಲ್ದೆಸೆಯಿಂದ ನುಗ್ಗಿ ಪೆಟ್ಟಿಗೆ ಜರುಗಿಸತೊಡಗಿದಳು. ಸೊಸೆ ಮಗನನ್ನು ನೆಲಕ್ಕಿಳಿಸಿ ತಾನೂ ಬಗ್ಗಿ, ಪುಟ್ಟಿ ಬಾ ಎಂದು ಕರೆದಳು. ನಿಮ್ಮಿಂದ ಆಗುವುದಿಲ್ಲ, ಸರಿಯಿರಿ ಎಂದು ಅತ್ತೆ ಎದ್ದರು. ಮೂವತ್ತು ವರ್ಷ ಯಾರ ಮುಂದೆಯೂ ಬಗ್ಗದವರು ಸೆರಗು ಸಿಕ್ಕಿಸಿ, ಎರಡು ಕೈ ನೆಲಕ್ಕೂರಿ, ಅಂಬೆಗಾಲಿಡುತ್ತಾ ಮಂಚದಡಿಗೆ ಹೊರಟರು.

ಒಂದೂಕಾಲಿಗೆ ಚೆಂಡುವಿನ ತಾಯಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಮನೆಯಲ್ಲಿ ಏನಾಗಿದೆಯೋ ಎಂಬ ದಿಗಿಲಿನಲ್ಲಿ ಅಂಚೆ ಕಚೇರಿಯಿಂದ ಓಡುತ್ತಲೇ ಬಂದಿದ್ದಳು. ಹೊಸ್ತಿಲಲ್ಲೇ ನಿಂತುಬಿಟ್ಟಳು. ಎರಡು ಕುರ್ಚಿಯೂ ಖಾಲಿ. ಮಂಚದ ಸುತ್ತ ಮೂರು ದಿಕ್ಕಿಗೂ ಕಾಲುಗಳು ಚಾಚಿದ್ದವು. ಅವುಗಳಲ್ಲಿ ಒಂದು ಜೊತೆ ತನ್ನ ತಾಯಿಯದೆಂದು ಅವಳಿಗೆ ನಂಬುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಬಗ್ಗಿ ನೋಡಿದಳು. ಮಂಚದಡಿಯಲ್ಲಿ, ಜರುಗಿಸಿದ ಪೆಟ್ಟಿಗೆಗಳ ನಡುವೆ, ಯಾವ ಆಸರೆಯೂ ಇಲ್ಲದೆ, ನೆಟ್ಟಗೆ, ಹತ್ತು ಎಣಿಸಿದರೂ ಉರುಳದೆ ಚೆಂಡು ಕೂತಿದ್ದಳು. ಅಂಬೆಗಾಲಿಡುತ್ತಿದ್ದ ದೊಡ್ಡವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ಮೆಚ್ಚುತ್ತಿದ್ದಳು.

"ಅಮ್ಮಾ, ಏನು ನಡೀತಿದೆ ಇಲ್ಲಿ?" ಎಂದಳು ಅವಳು.

"ಬಂದ್ಯಾ? ಮಗು ಇಲ್ಲೇ ಇರ್ಲಿ, ನಾನು ಕರ್ಕೊಂಡು ಹೋಗಲ್ಲ," ಎಂದರು ಅತ್ತೆ ಮಂಚದಡಿಯಿಂದ. "ಮೊದಲು ನನ್ನನ್ನ ಹೊರಗೆ ಎಳೀರಿ."